ಕೋಲಾರದ ಮಣ್ಣಿನಿಂದ ಕಾಲದ ಲೆಕ್ಕದವರೆಗೆ: ಜಾನ್ ವಾರನ್ನರ ಬದುಕು

ಚೆನ್ನೈಯಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಿಗೆ, ಜನವರಿ ಒಂದನ್ನು ಬಿಟ್ಟರೂ, ವರ್ಷಕ್ಕೆ ಎರಡು ಸಲ ಹೊಸವರ್ಷ ಬರುತ್ತದೆ. ಚೈತ್ರ ಶುದ್ಧ ಪಾಡ್ಯದಂದು ನಾವು ಬೇವು ಬೆಲ್ಲ ಹಂಚಿಕೊಂಡು ಪಂಚಾಂಗ ಶ್ರವಣ ಮಾಡುತ್ತೇವೆ. ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ, ಏಪ್ರಿಲ್ 14ರ ಸುಮಾರಿಗೆ, ಪಕ್ಕದ ಮನೆಯ ತಮಿಳರು ಚಿತ್ತಿರೈ ಒಂದರ ಮಾವಿನಕಾಯಿ ಪಚ್ಚಡಿಯನ್ನು ತಂದುಕೊಡುತ್ತಾರೆ. ಉಡುಪಿ, ಮಂಗಳೂರುಗಳ ಕಡೆಯಿಂದ ಬಂದು ಈ ನಗರದಲ್ಲಿ ಹೋಟೆಲು ನಡೆಸಿದ ಮನೆತನಗಳವರು ತಮ್ಮ ಸೌರಮಾನ ಯುಗಾದಿಯನ್ನು ಆಚರಿಸುವುದೂ ಅದೇ ಆಸುಪಾಸಿನಲ್ಲಿ. ಸಂವತ್ಸರದ ಹೆಸರು ಎಲ್ಲರಿಗೂ ಒಂದೇ. ಅದು ಆರಂಭವಾಗುವ ದಿನ ಮಾತ್ರ ಬೇರೆ. ಹಿರಿಯರ ಶ್ರಾದ್ಧಕ್ಕೆ ತಿಥಿ ಬೇಕು, ಮಗುವಿನ ಹುಟ್ಟುಹಬ್ಬಕ್ಕೆ ಜನ್ಮನಕ್ಷತ್ರ ಬೇಕು, ಪಾಸ್‌ಪೋರ್ಟಿಗೆ ಇಂಗ್ಲಿಷ್ ತಾರೀಕು ಬೇಕು. ಹೀಗೆ ಒಂದೇ ದಿನಕ್ಕೆ ಮೂರು ನಾಲ್ಕು ಹೆಸರುಗಳನ್ನಿಟ್ಟುಕೊಂಡು ನಾವು ಬಾಳುತ್ತಿದ್ದೇವೆ.

ಈ ಹೆಸರುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವುದು ಹೇಗೆ? ದಿನಗಳನ್ನು ವರ್ಷಗಳಾಗಿ, ಸೌರ ವರ್ಷವನ್ನು ಚಾಂದ್ರ ಮಾಸಗಳಾಗಿ, ಘಳಿಗೆಯನ್ನು ಗಂಟೆಯಾಗಿ ಮಾಡುವ ಬಗೆ ಎಂತು? ದಕ್ಷಿಣ ಭಾರತದ ಕಾಲಗಣನೆಯ ಕ್ರಮಗಳನ್ನೆಲ್ಲ ಒಂದೆಡೆ ಕೂಡಿಸಿ, ಕೋಷ್ಟಕಗಳೊಡನೆ ಅಚ್ಚುಹಾಕಿಸಿದ ಒಂದು ಹೆಬ್ಬೊತ್ತಿಗೆ ಈ ಊರಿನಲ್ಲಿಯೇ 1825ರಲ್ಲಿ ಹೊರಬಂದಿತು. ಅದರ ಹೆಸರು ಕಾಲಸಂಕಲಿತ. ಬರೆದವರು ಜಾನ್ ವಾರನ್. ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಪರಿಚಿತವಾಗಿದೆ. ಆದರೆ ಚಿನ್ನದ ವಾರನ್ನರೂ ಪಂಚಾಂಗದ ವಾರನ್ನರೂ ಒಬ್ಬರೇ ಎಂಬುದು ಬಹುಮಂದಿಗೆ ತಿಳಿಯದು. ನಮಗೂ ಬಹುಕಾಲ ತಿಳಿದಿರಲಿಲ್ಲ.

ಅವರ ಪೂರ್ಣ ಹೆಸರು ಜಾನ್ ಬಪ್ತಿಸ್ತ್ ಫ್ರಾನ್ಸುವಾ ಜೋಸೆಫ್ ದ ವಾರನ್. ಜನನ 1769ರ ಸೆಪ್ಟೆಂಬರ್ 21ರಂದು, ಇಟಲಿಯ ಲಿವೋರ್ನೋ ಎಂಬ ಬಂದರಿನಲ್ಲಿ. ಮನೆತನ ಐರಿಷ್ ಮೂಲದ್ದು, ಆದರೆ ಫ್ರಾನ್ಸಿನಲ್ಲಿ ಬೇರೂರಿ ಶ್ರೀಮಂತ ಪದವಿ ಪಡೆದದ್ದು. ಫ್ರಾನ್ಸಿನ ಮಹಾಕ್ರಾಂತಿ ಅಂತಹ ಮನೆತನಗಳ ಬುಡವನ್ನೇ ಅಲುಗಿಸಿದಾಗ ತರುಣ ವಾರನ್ ಪೂರ್ವದೇಶದ ದಾರಿ ಹಿಡಿದರು. ಇಲ್ಲಿ ಅವರು ಸೇರಿದ್ದು ಫ್ರೆಂಚರನ್ನಲ್ಲ, ಫ್ರೆಂಚರ ಹಗೆಗಳಾದ ಇಂಗ್ಲಿಷರ ಸೈನ್ಯವನ್ನು. ಆರ್ಥರ್ ವೆಲ್ಲೆಸ್ಲಿಯ ಕೈಕೆಳಗಿದ್ದ 33ನೆಯ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿ 1799ರ ಶ್ರೀರಂಗಪಟ್ಟಣದ ಕಾಳಗದಲ್ಲಿ ಪಾಲ್ಗೊಂಡರು. ಟಿಪ್ಪು ಸುಲ್ತಾನರು ಮಡಿದ ಆ ವರ್ಷ ನಮ್ಮ ಗಣನೆಯಲ್ಲಿ ಸಿದ್ಧಾರ್ಥಿ ಸಂವತ್ಸರ.

ಯುದ್ಧ ಮುಗಿದು ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿದ ಮೇಲೆ ಗಡಿಗಳನ್ನು ಅಳೆದು ಗುರುತಿಸುವ ಕೆಲಸ ಮೊದಲಾಯಿತು. ಅದರ ಮೇಲ್ವಿಚಾರಣೆ ಕಾಲಿನ್ ಮೆಕೆಂಜಿಯವರದು. ನಮ್ಮ ನಾಡಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಸಂಗ್ರಹಿಸಿದ ಅದೇ ಮೆಕೆಂಜಿ. ವಾರನ್ನರ ಪಾಲಿಗೆ ಬಂದದ್ದು ಪೂರ್ವದ ಗಡಿ. 1802ರಲ್ಲಿ ಕೋಲಾರದ ಸೀಮೆಯಲ್ಲಿ ಅಳೆಯುತ್ತಿದ್ದಾಗ ಆ ನೆಲದಲ್ಲಿ ಹೊನ್ನಿದೆಯೆಂಬ ಜನವಾರ್ತೆ ಅವರ ಕಿವಿಗೆ ಬಿದ್ದಿತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಸಾರಿಸಿದರು. ಉರಿಗಾಮಿನ ಹಳ್ಳಿಗರು ಗಾಡಿಗಳಲ್ಲಿ ಮಣ್ಣನ್ನು ತುಂಬಿ ತಂದು ಅವರ ಕಣ್ಣೆದುರಿಗೇ ತೊಳೆದರು. ತಳದಲ್ಲಿ ಚಿನ್ನದ ಪುಡಿ ಮಿನುಗಿತು. ಮಾರಿಕುಪ್ಪದಲ್ಲಿ ಜನರು ಹಳೆಯ ಗುಂಡಿಗಳಿಗೆ ಇಳಿದು ಕಲ್ಲನ್ನು ಹೊರತೆಗೆದು ಕುಟ್ಟುತ್ತಿದ್ದುದನ್ನೂ ಕಂಡರು. ಎಷ್ಟು ಮಣ್ಣಿಗೆ ಎಷ್ಟು ಚಿನ್ನ ಎಂದು ತೂಗಿ ಲೆಕ್ಕವಿಟ್ಟು ವರದಿ ಬರೆದರು. ವಾರನ್ನರ ಸ್ವಭಾವವೇ ಅದು: ಕಂಡದ್ದನ್ನು ಅಂಕಿಗಿಳಿಸದೆ ಬಿಡುವವರಲ್ಲ.

ಆ ವರದಿಯಿಂದ ಅವರಿಗೇನೂ ದಕ್ಕಲಿಲ್ಲ. 1871ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ ಅದನ್ನು ಓದಿ ಎತ್ತಿನ ಗಾಡಿಯೇರಿ ಕೋಲಾರಕ್ಕೆ ಹೊರಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು, ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಲವೆಲ್ಲನ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ. ವಾರನ್ನರ ಹೆಸರಿನ ಗಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಗಡಿಯ ಕೆಲಸದ ಬಳಿಕ ವಾರನ್ ಸೇರಿಕೊಂಡದ್ದು ತಮ್ಮದೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ನರನ್ನು. ಲ್ಯಾಂಬ್ಟನ್ 1802ರಲ್ಲಿ ಇಲ್ಲಿಯ ಪರಂಗಿಮಲೆಯ ಬಳಿ ಉಕ್ಕಿನ ಸರಪಣಿಯಿಂದ ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದು, ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆಯುವ ಮಹಾಕಾರ್ಯವನ್ನು ಆರಂಭಿಸಿದ್ದರು. ತ್ರಿಕೋನಗಳು ಪಡುವಣಕ್ಕೆ ಸಾಗಿ ಬೆಂಗಳೂರನ್ನು ಮುಟ್ಟಿದಾಗ, ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಅಲ್ಲಿಯೂ ನೆಲದ ಮೇಲೆ ಒಂದು ರೇಖೆಯನ್ನು ಅಳೆಯಬೇಕಾಯಿತು. 1804ರಲ್ಲಿ ಅದನ್ನು ಅಳೆದವರು ವಾರನ್. ಮದರಾಸಿನಿಂದ ಲೆಕ್ಕಹಾಕಿ ಬಂದ ಉದ್ದಕ್ಕೂ ಸರಪಣಿ ತೋರಿದ ಉದ್ದಕ್ಕೂ ಏಳು ಮೈಲಿಗಳಲ್ಲಿ ಬಂದ ವ್ಯತ್ಯಾಸ ನಾಲ್ಕು ಅಂಗುಲವೂ ಅಲ್ಲ. ಮದರಾಸನ್ನೂ ಬೆಂಗಳೂರನ್ನೂ ಲೆಕ್ಕದ ದಾರದಿಂದ ಕಟ್ಟಿದ ಮೊದಲ ಗಂಟು ಇದು ಎನ್ನಬಹುದು.

ನೆಲವನ್ನು ಅಳೆದವರು ಕಾಲವನ್ನು ಅಳೆಯುವ ಕೆಲಸಕ್ಕೆ ಬಂದದ್ದು 1805ರಲ್ಲಿ. ನುಂಗಂಬಾಕ್ಕಂನ ಖಗೋಳ ವೀಕ್ಷಣಾಲಯದ ಅಧಿಕಾರಿ ಗೋಲ್ಡಿಂಗ್‌ಹ್ಯಾಂ ದೀರ್ಘ ರಜೆಯ ಮೇಲೆ ಹೊರಟಾಗ ಆ ಸ್ಥಾನವನ್ನು ವಾರನ್ ವಹಿಸಿಕೊಂಡು ಸುಮಾರು ಆರು ವರ್ಷ ನಡೆಸಿದರು. ಕಾಲೇಜು ರಸ್ತೆಯಲ್ಲಿ ಇಂದು ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರವಿರುವ ಆವರಣವೇ ಅದು; ಬೇಸಗೆಯಲ್ಲಿ ನುಂಗಂಬಾಕ್ಕಂನಲ್ಲಿ ಇಷ್ಟು ಡಿಗ್ರಿ ಎಂದು ನಾವು ವಾರ್ತೆಯಲ್ಲಿ ಕೇಳುವುದು ಅಲ್ಲಿಯ ಉಷ್ಣಮಾಪಕದ ಮಾತು. 1792ರಲ್ಲಿ ಕಟ್ಟಿದ ವೀಕ್ಷಣಾಲಯದ ಉಪಕರಣವನ್ನು ಹೊತ್ತಿದ್ದ 18 ಅಡಿಯ ಗ್ರಾನೈಟ್ ಕಂಬ ಇಂದಿಗೂ ಅಲ್ಲಿ ನಿಂತಿದೆ. ಅದರ ಮೇಲೆ ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿ ಬರೆಹವುಂಟು, ಕನ್ನಡ ಇಲ್ಲ. ಆ ಸ್ಥಳದ ರೇಖಾಂಶದಿಂದ ಲೆಕ್ಕ ಹಾಕಿದ ಮದರಾಸು ಸಮಯ, ಅಂದರೆ ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದಿನ ಸಮಯ, ಒಂದು ಕಾಲಕ್ಕೆ ನಾಡಿನ ರೈಲುಗಳ ಸಮಯವೂ ಆಗಿತ್ತು. 1906ರಲ್ಲಿ ಈಗಿನ ಭಾರತೀಯ ಸಮಯ ಜಾರಿಗೆ ಬಂದು ಗಡಿಯಾರಗಳು ಒಂಬತ್ತು ನಿಮಿಷದಷ್ಟು ಮುಂದಕ್ಕೆ ಸರಿದವು.

ಇಲ್ಲಿ ವಾರನ್ ಧೂಮಕೇತುವನ್ನು ವೀಕ್ಷಿಸಿದರು, ವೀಕ್ಷಣಾಲಯದ ರೇಖಾಂಶವನ್ನು ಪುನಃ ಪರಿಶೀಲಿಸಿದರು, ಸರಿಯಾಗಿ ಸೆಕೆಂಡಿಗೊಂದು ಸಲ ಬಡಿಯುವ ಲೋಲಕ ಈ ಊರಿನಲ್ಲಿ ಎಷ್ಟು ಉದ್ದವಿರಬೇಕೆಂದು ಪ್ರಯೋಗ ಮಾಡಿದರು. ಅದು ಸುಮಾರು 99 ಸೆಂಟಿಮೀಟರ್. ಲಂಡನ್ನಿನ ಲೋಲಕಕ್ಕಿಂತ ತುಸು ಗಿಡ್ಡ. ಮಧ್ಯೆ ಬಿಡುವು ಮಾಡಿಕೊಂಡು ತಿರುವಕ್ಕರೈ ಎಂಬಲ್ಲಿ ಕಲ್ಲಾಗಿಹೋದ ಮರದ ದಿಮ್ಮಿಗಳ ವಿಷಯವಾಗಿಯೂ ಲೇಖನ ಬರೆದರು. ಕೋಟ್ಯಂತರ ವರ್ಷಗಳ ಆ ಮರಗಳು ಬೇರೊಂದು ಬಗೆಯ ಕಾಲಗಣನೆಗೆ ಸೇರಿದವು. ಅದನ್ನು ಅಳೆಯುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ನೆಪೋಲಿಯನ್ ಉರುಳಿ ಫ್ರಾನ್ಸಿನಲ್ಲಿ ಪುನಃ ರಾಜರ ಆಳ್ವಿಕೆ ಬಂದಾಗ ವಾರನ್ ಅಲ್ಲಿಗೆ ಹೋದರು. ಆದರೆ ಅಲ್ಲಿ ನಿಲ್ಲಲಿಲ್ಲ. ಪುನಃ ಸಮುದ್ರ ದಾಟಿ ಪುದುಚ್ಚೇರಿಗೆ ಬಂದು ನೆಲೆಸಿದರು. ಮದರಾಸಿನಲ್ಲಿ 1811ರಲ್ಲಿ ಹುಟ್ಟಿದ ಅವರ ಮಗ ಎದ್ವಾರ್ ಮುಂದೆ ಇಂಗ್ಲಿಷರ ಭಾರತವನ್ನು ಕುರಿತು ಫ್ರೆಂಚಿನಲ್ಲಿ ಹೆಸರಾಂತ ಗ್ರಂಥವನ್ನು ಬರೆದ. ಯಾವ ನಾಡಿಗೂ ಪೂರ್ತಿಯಾಗಿ ಸೇರದ ಮನುಷ್ಯರು ಕೊನೆಗೆ ತಮಗೆ ಒಗ್ಗಿದ ಗಾಳಿ ನೀರಿರುವಲ್ಲಿಗೆ ಮರಳುವರೆಂದು ತೋರುತ್ತದೆ. ಇದನ್ನು ಓದುವ ನಮ್ಮ ಬಂಧುಗಳಲ್ಲಿ ನಿವೃತ್ತಿಯ ಬಳಿಕ ಊರಿಗೆ ಹಿಂದಿರುಗಿ, ಆರು ತಿಂಗಳಲ್ಲಿ ಪುನಃ ಮೈಲಾಪುರಕ್ಕೋ ತ್ಯಾಗರಾಯನಗರಕ್ಕೋ ಬಂದವರಿಗೆ ಇದು ಅರ್ಥವಾದೀತು.

ಆ ದಿನಗಳಲ್ಲಿ ಕಾಲದ ಪರಿವರ್ತನೆ ಪಂಡಿತರ ಕುತೂಹಲ ಮಾತ್ರವಾಗಿರಲಿಲ್ಲ. ಅನ್ನದ, ನೆಲದ ಪ್ರಶ್ನೆಯಾಗಿತ್ತು. ಮದರಾಸು ಪ್ರಾಂತ್ಯದ ಕಚೇರಿಯೊಂದರ ಮುಂದೆ ಬರುವ ಪತ್ರಗಳನ್ನು ನೆನೆಯಿರಿ. ತಮಿಳರ ಕ್ರಯಪತ್ರದಲ್ಲಿ ಸೌರಮಾಸದ ತೇದಿ. ಬಳ್ಳಾರಿಯ ಕನ್ನಡಿಗನ ಕರಾರಿನಲ್ಲಿ ಶಾಲಿವಾಹನ ಶಕ, ಸಂವತ್ಸರ, ಚಾಂದ್ರಮಾಸದ ತಿಥಿ. ನವಾಬರ ಕಾಲದ ಸನದಿನಲ್ಲಿ ಹಿಜರಿ. ಕಂದಾಯದ ಕಡತದಲ್ಲಿ ಫಸಲಿ. ಈ ಫಸಲಿ ವರ್ಷ ತಮಿಳುನಾಡಿನ ಜಮಾಬಂದಿಯಲ್ಲಿ ಇನ್ನೂ ಬದುಕಿದೆ. ಜುಲೈ ಒಂದರಂದು ಹುಟ್ಟುವ ಅದಕ್ಕೆ 590 ಕೂಡಿಸಿದರೆ ಆರಂಭದ ಇಸವಿ ಸಿಗುತ್ತದೆ.

ಇನ್ನೊಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಹನ್ನೆರಡು ವರ್ಷಗಳ ಗುತ್ತಿಗೆ ಎಂದು ಬರೆದಿದ್ದರೆ, ಚಂದ್ರನ ಹನ್ನೆರಡು ತಿಂಗಳಿಗೊಂದರಂತೆ ಎಣಿಸುವ ಹಿಜರಿ ವರ್ಷದಿಂದ ಅದು 4,252 ದಿನ. ಸೂರ್ಯನ ವರ್ಷದಿಂದ 4,383 ದಿನ. ನಡುವಣ ಅಂತರ 131 ದಿನ, ಅಂದರೆ ಒಂದು ಬೆಳೆ. ಅದು ಯಾರ ಕಣಜಕ್ಕೆ ಹೋಗಬೇಕು? ನಮ್ಮ ಚಾಂದ್ರಮಾನವೂ 354 ದಿನದ ವರ್ಷವನ್ನೇ ಹಿಡಿದರೂ, ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಸೂರ್ಯನ ಜೊತೆ ಹೆಜ್ಜೆ ಸರಿಮಾಡಿಕೊಳ್ಳುತ್ತದೆ. ಹಿಜರಿಯಲ್ಲಿ ಆ ಏರ್ಪಾಡಿಲ್ಲ.

ಸಂವತ್ಸರದ ಹೆಸರಿನದು ಬೇರೆಯೇ ತೊಡಕು. ನಮ್ಮ ಅನೇಕರ ಮನೆಗಳಲ್ಲಿ ಹಳೆಯ ಜಾತಕವೋ ಪತ್ರವೋ ಇರುತ್ತದೆ. ಅದರಲ್ಲಿ ಪಾರ್ಥಿವ ಸಂವತ್ಸರ ಎಂದಷ್ಟೇ ಇದ್ದರೆ ಅದು 1825 ಆಗಬಹುದು, 1885 ಆಗಬಹುದು, 1945 ಆಗಬಹುದು. ಬರೆದವರಿಗೆ ಸಂಶಯವಿರಲಿಲ್ಲ, ಓದುವ ಮೊಮ್ಮಕ್ಕಳಿಗಿದೆ. ಆಗ ಕೈಹಿಡಿಯುವುದು ವಾರ. ಮಾಸ, ತಿಥಿ, ವಾರ ಮೂರೂ ಇದ್ದರೆ ಅರುವತ್ತು ವರ್ಷಗಳ ಅಂತರದ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಒಂದೇ ಹೊಂದುತ್ತದೆ. ಕಾಲಸಂಕಲಿತದ ಕೋಷ್ಟಕಗಳು ಇಂತಹ ಕೆಲಸಕ್ಕಾಗಿಯೇ ಇದ್ದವು. ಕ್ರಿಸ್ತಶಕ ಹದಿನೇಳನೆಯ ಶತಮಾನದಿಂದ, ಹಿಜರಿಗೆ 622ರಿಂದ, 1900ರವರೆಗಿನ ಪ್ರತಿಯೊಂದು ವರ್ಷವೂ ಯಾವ ದಿನ ಮೊದಲಾಯಿತೆಂದು ನೋಡಿದೊಡನೆ ತಿಳಿಯುವಂತೆ ಅವರು ಅಣಿಗೊಳಿಸಿದ್ದರು.

ಗ್ರಂಥವನ್ನು ಅಚ್ಚುಹಾಕಿದ್ದು ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮುದ್ರಣಾಲಯ. ಎಲ್ಲಿಸ್ ಎಂಬ ವಿದ್ವಾಂಸ ಅಧಿಕಾರಿಯ ಪ್ರಯತ್ನದಿಂದ 1812ರಲ್ಲಿ ಆರಂಭವಾದ ಆ ಕಾಲೇಜು ಇಂಗ್ಲಿಷ್ ಅಧಿಕಾರಿಗಳಿಗೆ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತಿತ್ತು. ಮೆಕೆರೆಲ್ಲರ ಕನ್ನಡ ವ್ಯಾಕರಣ 1820ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ಕಾಲೇಜು ರಸ್ತೆಗೆ ಆ ಹೆಸರು ಬಂದದ್ದು ಅದರಿಂದ, ಡಿ.ಪಿ.ಐ. ಎಂದು ಆಟೋದವರು ಕರೆಯುವ ಶಿಕ್ಷಣ ಇಲಾಖೆಯ ಆವರಣ ಅದರ ಜಾಗ. ವಾರನ್ ನಕ್ಷತ್ರ ನೋಡಿದ ಸ್ಥಳವೂ ಅವರ ಪುಸ್ತಕ ಅಚ್ಚಾದ ಸ್ಥಳವೂ ಒಂದೇ ಬೀದಿಯವು.

ಈಗ ಲೆಕ್ಕದ ಒಳಗೆ ಸ್ವಲ್ಪ ಇಣುಕೋಣ. ಓದುಗರು ಬೇಸರಿಸಬಾರದು, ಗುಣಿಸಲು ಭಾಗಿಸಲು ಬಂದರೆ ಸಾಕು.

ನಮ್ಮ ಜ್ಯೋತಿಷಿಗಳು ಬೇರೆ ಬೇರೆ ಶಕಗಳ ನಡುವೆ ನೇರವಾಗಿ ಪರಿವರ್ತನೆ ಮಾಡುವುದಿಲ್ಲ. ಎಲ್ಲವನ್ನೂ ಮೊದಲು ದಿನಗಳಾಗಿ ಒಡೆಯುತ್ತಾರೆ. ಕ್ರಿಸ್ತಪೂರ್ವ 3102ರ ಫೆಬ್ರವರಿ 18ರ ಶುಕ್ರವಾರ ಕಲಿಯುಗ ಮೊದಲಾಯಿತೆಂದು ಇಟ್ಟುಕೊಂಡು, ಅಂದಿನಿಂದ ಇಂದಿಗೆ ಎಷ್ಟು ದಿನ ಕಳೆಯಿತೆಂದು ಎಣಿಸುತ್ತಾರೆ. ಇದಕ್ಕೆ ಅಹರ್ಗಣ ಎಂದು ಹೆಸರು. ದಿನಕ್ಕೆ ಜಾತಿಯಿಲ್ಲ, ಭಾಷೆಯಿಲ್ಲ. ತಮಿಳರ ದಿನವೂ ಹಿಜರಿಯ ದಿನವೂ ಒಂದೊಂದೇ. ಅಹರ್ಗಣ ಕೈಗೆ ಬಂದಮೇಲೆ ಯಾವ ಗಣನೆಗೆ ಬೇಕಾದರೂ ಇಳಿಸಬಹುದು. ಏಳರಿಂದ ಭಾಗಿಸಿ ಉಳಿದದ್ದನ್ನು ಶುಕ್ರವಾರದಿಂದ ಎಣಿಸಿದರೆ ವಾರ ಬರುತ್ತದೆ.

ವರ್ಷಕ್ಕೆ ಇಳಿಸಬೇಕಾದರೆ ವರ್ಷದ ಅಳತೆ ಬೇಕು. ಆರ್ಯಭಟರ ಪ್ರಕಾರ 43,20,000 ವರ್ಷಗಳಲ್ಲಿ 157,79,17,500 ದಿನಗಳು. ಇದನ್ನು ಚಿಕ್ಕದು ಮಾಡಿದರೆ 576 ವರ್ಷಗಳಿಗೆ 2,10,389 ದಿನಗಳು. ಒಂದು ವರ್ಷಕ್ಕೆ 365 ದಿನ, 15 ಘಳಿಗೆ, 31 ವಿಘಳಿಗೆ, ಮೇಲೆ ಕಾಲು ವಿಘಳಿಗೆ. ಘಳಿಗೆ ಎಂದರೆ ದಿನದ ಅರುವತ್ತನೆಯ ಒಂದು ಪಾಲು, 24 ನಿಮಿಷ. ವಿಘಳಿಗೆ ಅದರ ಅರುವತ್ತನೆಯ ಒಂದು ಪಾಲು, 24 ಸೆಕೆಂಡು.

1825ರ ಮೇ 31ನ್ನು ತೆಗೆದುಕೊಳ್ಳೋಣ; ಈ ದಿನವನ್ನೇ ಏಕೆ ಆರಿಸಿದೆವೆಂಬುದು ಮುಂದೆ ತಿಳಿಯುತ್ತದೆ. ಅಂದಿನ ಅಹರ್ಗಣ 17,99,312. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ: ಶುಕ್ರದಿಂದ ನಾಲ್ಕು ದಿನ ಮುಂದೆ, ಮಂಗಳವಾರ. 576ರಿಂದ ಗುಣಿಸಿ 2,10,389ರಿಂದ ಭಾಗಿಸಿದರೆ ಕಲಿಯುಗದಲ್ಲಿ ಕಳೆದ ವರ್ಷ 4,926 ಎಂದೂ, ಶೇಷವನ್ನು 576ರಿಂದ ಭಾಗಿಸಿದರೆ ಮೇಲೆ ನಲವತ್ತೇಳು ಮುಕ್ಕಾಲು ದಿನಗಳೆಂದೂ ಬರುತ್ತದೆ. ಇದು ಸೂರ್ಯನು ಸಮವೇಗದಲ್ಲಿ ನಡೆಯುತ್ತಾನೆಂದುಕೊಂಡು ಮಾಡಿದ ಲೆಕ್ಕ. ನಿಜದ ಸೂರ್ಯ ಮೇಷರಾಶಿಯನ್ನು ಎರಡು ದಿನಕ್ಕಿಂತ ತುಸು ಮುಂಚೆಯೇ ಹೊಗುವುದರಿಂದ ಅಷ್ಟನ್ನು ಕೂಡಿಸಬೇಕು. ಹಾಗೆ ಮಾಡಿದರೆ ಆ ವರ್ಷದ ಮೇಷ ಸಂಕ್ರಾಂತಿ ಏಪ್ರಿಲ್ 11ಕ್ಕೆ ಬೀಳುತ್ತದೆ. ಇಂದು ಅದೇ ಸಂಕ್ರಾಂತಿ ಏಪ್ರಿಲ್ 14ಕ್ಕೆ ಜರುಗಿದೆ. ನಮ್ಮ ಸಿದ್ಧಾಂತಗಳ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ, ಹೆಚ್ಚುಕಡಿಮೆ ಒಂದು ಘಳಿಗೆ, ದೊಡ್ಡದು. ಅರುವತ್ತು ವರ್ಷಗಳಿಗೆ ಅದು ಒಂದು ದಿನವಾಗುತ್ತದೆ. ಷಷ್ಟ್ಯಬ್ದಿ ಮಾಡಿಕೊಂಡವರೆಲ್ಲರೂ ತಮ್ಮ ಬಾಳಿನಲ್ಲಿ ಈ ಒಂದು ದಿನದ ಜಾರುವಿಕೆಯನ್ನು ಕಂಡಂತೆಯೇ.

ವಾರನ್ನರ ಗ್ರಂಥದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದ ಭಾಗ ಕೋಷ್ಟಕಗಳದ್ದಲ್ಲ. ಪುದುಚ್ಚೇರಿಯಲ್ಲಿ ಪಂಚಾಂಗ ಮಾಡುವ ಒಬ್ಬ ತಮಿಳರನ್ನು ಅವರು ಭೇಟಿಯಾದರು. ಮುಂಬರುವ ಚಂದ್ರಗ್ರಹಣವನ್ನು ಲೆಕ್ಕಹಾಕಿ ತೋರಿಸಬೇಕೆಂದು ಕೇಳಿಕೊಂಡರು. ಅದೇ 1825ರ ಮೇ 31ರ ರಾತ್ರಿಯ ಗ್ರಹಣ. ಆತ ಕಾಗದ ಕೇಳಲಿಲ್ಲ, ಲೇಖನಿ ಕೇಳಲಿಲ್ಲ. ನೆಲದ ಮೇಲೆ ಕವಡೆಗಳನ್ನು ಸಾಲಾಗಿ ಇಡುತ್ತ, ತೆಗೆಯುತ್ತ, ಕೋಷ್ಟಕಗಳನ್ನೆಲ್ಲ ನೆನಪಿನಿಂದಲೇ ಉಚ್ಚರಿಸುತ್ತ, ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳ ಕಾಲವನ್ನು ಹೇಳಿದರು. ಎಂಟು ವರ್ಷ ಹಿರಿಯದಾಗಲಿ ಎಂಟು ದಿನ ಹಿರಿಯದಾಗಲಿ, ಅಹರ್ಗಣ ಎಷ್ಟು ದೊಡ್ಡದಾದರೂ ಅವರಿಗೆ ಬೇಕಾದದ್ದು ಆ ಕವಡೆಗಳಷ್ಟೇ.

ಅವರು ಅನುಸರಿಸಿದ್ದು ವಾಕ್ಯಪದ್ಧತಿ. ಅದರ ಜಾಣ್ಮೆಯನ್ನು ಸಂಗೀತ ಬಲ್ಲ ನಮ್ಮ ಓದುಗರು ಕ್ಷಣದಲ್ಲಿ ಹಿಡಿಯುತ್ತಾರೆ. ಮಾರ್ಗಶಿರದ ಸಂಗೀತೋತ್ಸವದಲ್ಲಿ ಖರಹರಪ್ರಿಯ ಕೇಳುತ್ತೇವೆ. ಅದು 22ನೆಯ ಮೇಳ. ಕ, ಟ, ಪ, ಯ ಎಂದು ಮೊದಲಾಗುವ ಸಾಲುಗಳಲ್ಲಿ ಅಕ್ಷರಕ್ಕೆ ಅಂಕಿಯಿಟ್ಟರೆ ಖ ಎರಡು, ರ ಎರಡು. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು; ಬಲದಿಂದ ಎಡಕ್ಕೆ ಓದಿದರೆ 65. ಇದೇ ಕಟಪಯಾದಿ ಸಂಖ್ಯೆಯಲ್ಲಿ ಚಂದ್ರನ ಗತಿಯ ಅಂಕಿಗಳನ್ನೆಲ್ಲ ಚಿಕ್ಕ ಚಿಕ್ಕ ಸಂಸ್ಕೃತ ವಾಕ್ಯಗಳಲ್ಲಿ ಅಡಗಿಸಿಟ್ಟಿದ್ದಾರೆ. ವಾಕ್ಯಗಳು ಒಟ್ಟು 248. ಏಕೆಂದರೆ 248 ದಿನಗಳಲ್ಲಿ ಚಂದ್ರನು ತನ್ನ ವೇಗದ ಏರಿಳಿತದ ಒಂಬತ್ತು ಸುತ್ತುಗಳನ್ನು ಹೆಚ್ಚುಕಡಿಮೆ ಸರಿಯಾಗಿ ಮುಗಿಸುತ್ತಾನೆ. ಅನಂತರ ಮೊದಲಿನಿಂದ ಹಾಡಿದರಾಯಿತು. ಆ 248ಕ್ಕೆ ಇಟ್ಟ ಸಂಕೇತಪದ ದೇವರಂ: ದ ಎಂಟು, ವ ನಾಲ್ಕು, ರ ಎರಡು. ಹಳಗನ್ನಡ ಓದಿದ ಕಿವಿಗೆ ಬೇರೆಯೇ ಅರ್ಥ ಕೇಳಿಸುವ ಪದ! ಇನ್ನೂ ಸೂಕ್ಷ್ಮವಾಗಿ ಹೊಂದುವ ದೊಡ್ಡ ಆವರ್ತಗಳೆರಡು: 3,031 ದಿನಗಳದು ಕಲಾನೀಲಂ, 12,372 ದಿನಗಳದು ರಸಗೈರಿಕ.

ಮೇ 31ರ ಅಹರ್ಗಣದಿಂದ ಈ ಪದ್ಧತಿಯ ಆರಂಭದ ದಿನವಾದ 16,00,984ನ್ನು ಕಳೆದರೆ ಉಳಿಯುವುದು 1,98,328. ಅದರಲ್ಲಿ ರಸಗೈರಿಕಗಳು 16 ಹೋದರೆ 376. ಕಲಾನೀಲಂ ಒಂದೂ ಹೋಗದು. ದೇವರಂ ಒಂದು ಹೋದರೆ 128. ಹದಿನೆಂಟು ಲಕ್ಷಕ್ಕೆ ಸಮೀಪದ ಸಂಖ್ಯೆ ನಾಲ್ಕು ಹೆಜ್ಜೆಗಳಲ್ಲಿ 128ಕ್ಕೆ ಇಳಿಯಿತು. ಇನ್ನು 128ನೆಯ ವಾಕ್ಯವನ್ನು ಹೇಳಿದರೆ ಅಂದಿನ ಚಂದ್ರನ ಸ್ಥಾನಕ್ಕೆ ಬೇಕಾದ ಅಂಕಿ ನಾಲಗೆಯ ತುದಿಯಲ್ಲಿದೆ.

ಗ್ರಹಣವಾಯಿತು. ಪಂಚಾಂಗದವರ ಲೆಕ್ಕವನ್ನು ಇಂದಿನ ಗಣಿತದೊಡನೆ ಹೋಲಿಸಿದರೆ ಸ್ಪರ್ಶದಲ್ಲಿ 4 ನಿಮಿಷ, ಮಧ್ಯದಲ್ಲಿ 23, ಮೋಕ್ಷದಲ್ಲಿ 52 ನಿಮಿಷಗಳ ವ್ಯತ್ಯಾಸ. ಘಳಿಗೆಯಲ್ಲಿ ಹೇಳುವುದಾದರೆ ಹತ್ತು ವಿಘಳಿಗೆ, ಒಂದು ಘಳಿಗೆಗೆ ತುಸು ಕಡಿಮೆ, ಎರಡು ಘಳಿಗೆಗೆ ತುಸು ಹೆಚ್ಚು. ದೂರದರ್ಶಕವಿಲ್ಲದೆ, ಕಾಗದವಿಲ್ಲದೆ.

ಆತನಿಗೆ ಸಿದ್ಧಾಂತದ ಗಂಧವೂ ಇರಲಿಲ್ಲ, ಇದ್ದದ್ದು ಅಸಾಧಾರಣವಾದ ನೆನಪು ಎಂಬುದು ವಾರನ್ನರ ಅಭಿಪ್ರಾಯ. ಇರಬಹುದು. ಆದರೆ ಈ ಮಾತನ್ನು ಕೊರತೆಯೆಂದು ಎಣಿಸಲು ನಮಗೆ ಮನಸ್ಸು ಬಾರದು. ನಮ್ಮ ಅಜ್ಜಂದಿರು ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ಏಕೆ ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ, ಅಂಗಡಿಯ ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಬೇರೆಯವರು ಇಂತಹವರನ್ನು ನೋಡಿ ನಕ್ಕು ಮುಂದೆ ಹೋಗುತ್ತಿದ್ದರು. ವಾರನ್ ಹಾಗೆ ಮಾಡದೆ ಎದುರಿಗೆ ಕುಳಿತು ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಂಡರು. ಕೋಲಾರದಲ್ಲಿ ಹಳ್ಳಿಗರು ಮಣ್ಣು ತೊಳೆಯುವುದನ್ನು ನೋಡುತ್ತ ನಿಂತ ಅದೇ ಬಗೆ. ಬರೆದುಕೊಂಡದ್ದರ ಬೆಲೆ ತಿಳಿದದ್ದು ಬಹಳ ತಡವಾಗಿ. 1952ರಲ್ಲಿ ಗಣಿತದ ಇತಿಹಾಸಕಾರ ಓಟ್ಟೋ ನಾಯ್ಗೆಬಾವರ್ ಆ ಪುಟಗಳನ್ನು ಬಿಡಿಸಿ, ಬಾಬಿಲೋನಿನ ಮಣ್ಣಿನ ಹಲಗೆಗಳ ಗಣಿತದ ಎಳೆ ಎರಡು ಸಾವಿರ ವರ್ಷ ದಾಟಿ ತಮಿಳುನಾಡಿನ ಕವಡೆಗಳವರೆಗೆ ಬಂದಿದೆಯೆಂದು ವಾದಿಸಿದರು.

ವಾರನ್ನರ ಕೋಷ್ಟಕಗಳಿಗೆ ಉತ್ತರಾಧಿಕಾರಿಗಳು ಬಂದರು. 1896ರಲ್ಲಿ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಗ್ರಂಥ, 1922ರಲ್ಲಿ ಇದೇ ಮದರಾಸಿನಲ್ಲಿ ಸ್ವಾಮಿಕಣ್ಣು ಪಿಳ್ಳೆಯವರ ಏಳು ಸಂಪುಟಗಳು. ಕನ್ನಡ ಶಾಸನಗಳ ತೇದಿಗಳನ್ನು ನಿರ್ಣಯಿಸಿದ ನಮ್ಮ ವಿದ್ವಾಂಸರ ಮೇಜಿನ ಮೇಲೆ ಪಿಳ್ಳೆಯವರ ಸಂಪುಟಗಳು ತಪ್ಪದೆ ಇದ್ದವು. 1900ಕ್ಕೆ ನಿಂತ ಕಾಲಸಂಕಲಿತದ ಕೋಷ್ಟಕಗಳು ಗ್ರಂಥಾಲಯದ ಕಪಾಟು ಸೇರಿದವು. ವಾಕ್ಯಪದ್ಧತಿ ಮಾತ್ರ ಇನ್ನೂ ಬೀದಿಯಲ್ಲಿದೆ. 2025ರ ಮಾರ್ಚ್ 29ರಂದು ಶನಿ ಮೀನರಾಶಿಯನ್ನು ಹೊಕ್ಕನೆಂದು ದೃಕ್ ಪಂಚಾಂಗಗಳೆಲ್ಲ ಹೇಳಿದಾಗ, ತಾವು ಅನುಸರಿಸುವುದು ವಾಕ್ಯಪಂಚಾಂಗವನ್ನು, ಅದರಂತೆ ಶನಿಯ ಸಂಚಾರ 2026ರಲ್ಲಿ ಎಂದು ತಿರುನಳ್ಳಾರಿನ ದೇವಾಲಯದವರು ತಿಳಿಸಬೇಕಾಯಿತು. ಹೊರಡಲು ಸಿದ್ಧರಾಗಿದ್ದ ನಮ್ಮ ಬಂಧುಗಳಲ್ಲಿ ಕೆಲವರು ಪ್ರಯಾಣವನ್ನು ಮುಂದಕ್ಕೆ ಹಾಕಿದರು.

ಜಾನ್ ವಾರನ್ 1830ರ ಫೆಬ್ರವರಿ 9ರಂದು ಪುದುಚ್ಚೇರಿಯಲ್ಲಿ ತೀರಿಕೊಂಡರು. ಅವರದೇ ವಿದ್ಯೆಯನ್ನು ಅವರ ಆಯುಸ್ಸಿಗೆ ಅನ್ವಯಿಸಿ ನೋಡಿದೆವು. ಹುಟ್ಟಿದಂದಿನಿಂದ ತೀರಿಕೊಂಡಂದಿಗೆ 22,055 ದಿನಗಳು. ಚಂದ್ರನ ತಿಂಗಳುಗಳಲ್ಲಿ 746 ತುಂಬಿ 747 ನಡೆಯುತ್ತಿತ್ತು. ಸಹಸ್ರ ಚಂದ್ರದರ್ಶನಕ್ಕೆ, ಅಂದರೆ ಸುಮಾರು ಎಂಬತ್ತು ವರ್ಷ ಹತ್ತು ತಿಂಗಳಿಗೆ, ಇನ್ನೂ ಇಪ್ಪತ್ತು ವರ್ಷ ಬಾಕಿ. ಸೌರಮಾನದಲ್ಲಿ ಅರುವತ್ತು ವರ್ಷ ನಾಲ್ಕೂವರೆ ತಿಂಗಳು. 1769ರ ಸೆಪ್ಟೆಂಬರಿನಲ್ಲಿ ನಡೆಯುತ್ತಿದ್ದುದು ವಿರೋಧಿ ಸಂವತ್ಸರ. ಅರುವತ್ತು ಹೆಸರುಗಳು ಒಂದು ಸುತ್ತು ಮುಗಿಸಿ ಬಂದು, 1829ರ ಯುಗಾದಿಯಿಂದ ಪುನಃ ವಿರೋಧಿ ಆರಂಭವಾಗಿತ್ತು. ಸರ್ವಧಾರಿಗೆ ಮುಂದಿನ ಆ ಹೆಸರು ತಮ್ಮ ಕೋಷ್ಟಕದಲ್ಲಿ ಎರಡು ಕಡೆ ಯಾವ ಯಾವ ಸಾಲಿನಲ್ಲಿದೆಯೆಂದು ಅವರಿಗೆ ತಿಳಿದೇ ಇತ್ತು. ಯುಗಾದಿ ಕಳೆದು ವಿಕೃತಿ ಬರಲು ಒಂದೂವರೆ ತಿಂಗಳು ಉಳಿದಿತ್ತು.